ಬೂಟು ಮಗುಚಿ ಅಟ್ಟೆ ನೋಡಿ

ಮಳೆ ನಿಂತಿದೆ. ಸಂಡೂರಿನ ಗುಡ್ಡಗಳು ಇನ್ನೂ ಹಸಿರಾಗಿವೆ, ಬೆಳಗಿನ ಹೊತ್ತು ಗಾಳಿ ತಂಪಾಗಿದೆ. ಗುಡ್ಡದಲ್ಲಿ ಸೈಕಲ್ ತುಳಿಯಲು ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ದಿನಗಳಿಲ್ಲ. ಅದಕ್ಕೇ ಇರಬೇಕು, ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಬೂಟಿನ ಬಗ್ಗೆ. ಬಳ್ಳಾರಿಯಲ್ಲಿ ಅಪ್ಪ ಹಾಕಿದ ಸೈಕಲ್ ರಿಪೇರಿ ಅಂಗಡಿಯಲ್ಲಿ ಇಪ್ಪತ್ತೇಳು ವರ್ಷದಿಂದ ಕೂತಿದ್ದೇನೆ. ಬೂಟಿನ ವ್ಯಾಪಾರ ನನ್ನದಲ್ಲ. ಆದರೆ ಪೆಡಲ್ ಬಿಚ್ಚಿ ಕಟ್ಟುವವನಿಗೆ ಆ ಪೆಡಲ್ ಮೇಲೆ ಏನು ಕೂರುತ್ತದೆ ಅನ್ನುವುದೂ ಗೊತ್ತಿರಬೇಕು. ಮೊದಲ ಪತ್ರಕ್ಕೆ ಉದ್ದನೆಯ ಉತ್ತರ ಬರೆದಿದ್ದೇನೆ. ಉಳಿದವರ ಅರ್ಧ ಸಂದೇಹ ಅದರಲ್ಲೇ ತೀರಬಹುದು.

ಪ್ರಶ್ನೆ: ಸರ್, ನಾನು ಗಂಗಾವತಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಹೋದ ವರ್ಷ ಭತ್ತ ಮಾರಿದ ದುಡ್ಡಿನಲ್ಲಿ ಅಪ್ಪ ಗೇರ್ ಸೈಕಲ್ ಕೊಡಿಸಿದರು. ಭಾನುವಾರ ಬೆಳಿಗ್ಗೆ ಆನೆಗೊಂದಿ, ಸಾಣಾಪುರದ ಕಡೆ ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಓಡಿಸುತ್ತೇನೆ. ಇಳಿಜಾರಿನಲ್ಲಿ ಕಾಲು ಪೆಡಲ್ ಬಿಟ್ಟು ಹಾರುತ್ತದೆ. ಹಾಕಿಕೊಳ್ಳುವುದು ಓಟದ ಬೂಟು. ಮೌಂಟನ್ ಬೈಕಿನ ಬೂಟು ಆನ್‌ಲೈನ್‌ನಲ್ಲಿ ನೋಡಿದೆ, ಏಳೆಂಟು ಸಾವಿರ ಹೇಳುತ್ತಾರೆ. ನಾನು ಕೂಡಿಟ್ಟಿರುವುದು ಎರಡು ಸಾವಿರ. ಬೂಟನ್ನು ಸಿಕ್ಕಿಸಿಡುವ ಕ್ಲಿಪ್ಪಿನ ಪೆಡಲ್ ಬೇಡ, ಚಪ್ಪಟೆ ಪೆಡಲ್ಲೇ ಇರಲಿ. ಯಾವ ಬೂಟು ಕೊಳ್ಳಲಿ?
– ಪದವಿ ವಿದ್ಯಾರ್ಥಿ, ಗಂಗಾವತಿ

ಉತ್ತರ: ತಮ್ಮಾ, ಎರಡು ಸಾವಿರ ಸಾಕು. ಆದರೆ ಅಷ್ಟನ್ನೂ ಬೂಟಿಗೆ ಸುರಿಯಬೇಡ. ಮೊದಲು ಸೈಕಲ್ಲನ್ನು ಗೋಡೆಗೆ ಆನಿಸಿ ಪೆಡಲ್ ನೋಡು. ಸೈಕಲ್ ಜೊತೆಗೆ ಬಂದ ಪ್ಲಾಸ್ಟಿಕ್ ಪೆಡಲ್ಲೇ ಇದ್ದರೆ, ಅದರ ಮೇಲಿನ ಗುಬಟುಗಳೂ ಪ್ಲಾಸ್ಟಿಕ್ಕಿನವೇ ಆಗಿರುತ್ತವೆ. ತುಳಿದು ತುಳಿದು ಅವು ಹುಣಸೆ ಬೀಜದ ಹಾಗೆ ನುಣುಪಾಗುತ್ತವೆ. ಅಂಥದರ ಮೇಲೆ ಹತ್ತು ಸಾವಿರದ ಬೂಟು ಇಟ್ಟರೂ ಜಾರುವುದು ತಪ್ಪದು. ನಿನಗೆ ಬೇಕಾದದ್ದು ಉಕ್ಕಿನ ಪಿನ್ನು ಇರುವ ಅಗಲ ಪೆಡಲ್. ಹೆಚ್ಚುಕಡಿಮೆ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲ, ಒಂದೊಂದು ಮಗ್ಗುಲಿಗೆ ಎಂಟೋ ಹತ್ತೋ ಪಿನ್ನು. ಮೈ ನೈಲಾನಿನದಾದರೂ ಪರವಾಗಿಲ್ಲ. ಪಿನ್ನು ಮಾತ್ರ ಉಕ್ಕಿನದೇ ಆಗಬೇಕು, ಅಲೆನ್ ಕೀಯಿಂದ ಬಿಚ್ಚಿ ಬದಲಿಸುವಂತಿರಬೇಕು. ಪೆಡಲಿನ ನಡು ಅಂಚಿಗಿಂತ ಒಂಚೂರು ತಗ್ಗಿದ್ದರೆ ಇನ್ನೂ ಒಳ್ಳೆಯದು, ಪಾದ ಅದರೊಳಗೆ ಕೂತುಬಿಡುತ್ತದೆ. ನನ್ನ ಸೈಕಲ್ಲಿನ ಜೋಡಿಗೆ ನಾನು ಸಾವಿರದ ನೂರು ರೂಪಾಯಿ ಕೊಟ್ಟೆ. ನಿನ್ನ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಗಲಿ. ಉಳಿದದ್ದರಲ್ಲಿ ಬೂಟು ಬರುತ್ತದೆ.

ಇನ್ನು ಓಟದ ಬೂಟು. ಹೋದ ವಾರ ಒಬ್ಬ ಹುಡುಗ ಬ್ರೇಕ್ ಕಟ್ಟಿಸಲು ಬಂದಿದ್ದ. ಅವನ ಕಾಲಲ್ಲಿ ನಿನ್ನಂಥದೇ ಬೂಟು. ಬಿಚ್ಚಿಸಿ ಮಗುಚಿ ನೋಡಿದೆ. ಮುಂದೊಂದು ತುಂಡು ರಬ್ಬರು, ಹಿಮ್ಮಡಿಯಲ್ಲೊಂದು ತುಂಡು ರಬ್ಬರು, ನಡುವೆ ಬರೀ ಬಿಳಿ ಫೋಮು. ಆ ಫೋಮಿನ ಮೇಲೆ ಪಿನ್ನು ಚುಚ್ಚಿದ ತೂತುಗಳು, ಗೆದ್ದಲು ತಿಂದ ಹಲಗೆಯ ಹಾಗೆ. ಒಂದು ಕಡೆ ಬೆರಳಿಟ್ಟು ಎಳೆದರೆ ಪುಡಿ ಪುಡಿಯಾಗಿ ಕೈಗೆ ಬಂತು. ಪೆಡಲ್ ಕೂರುವುದು ಸರಿಯಾಗಿ ಆ ಜಾಗದಲ್ಲೇ. ಓಡುವವರಿಗೆ ನೆಲಕ್ಕೆ ತಾಗುವುದು ಹಿಮ್ಮಡಿ ಮತ್ತು ಮುಂಗಾಲು, ಹಾಗಾಗಿ ರಬ್ಬರು ಅಲ್ಲಿರುತ್ತದೆ. ಜೊತೆಗೆ ಬೆರಳಿನ ಕಡೆ ಹರಿಗೋಲಿನ ಅಂಚಿನಂತೆ ಮೇಲಕ್ಕೆ ಬಾಗಿರುತ್ತದೆ, ಕಾಲು ಉರುಳಿ ಮುಂದೆ ಹೋಗಲಿ ಎಂದು. ಓಟಕ್ಕೆ ಅದು ಒಳ್ಳೆಯ ಬೂಟೇ. ಪೆಡಲಿಗೆ ಮಾತ್ರ ಆಗಿಬರುವುದಿಲ್ಲ.

ಕಾಲು ಯಾಕೆ ಹಾರುತ್ತದೆ ಅನ್ನುವುದನ್ನು ಗಮನಿಸು. ಚಕ್ರ ಕಲ್ಲಿಗೆ ಬಡಿದಾಗ ಪೆಡಲ್ ಮೇಲಕ್ಕೆದ್ದು ಪಾದವನ್ನು ತಳ್ಳುತ್ತದೆ. ಫೋಮು ಅಮುಕಿಕೊಂಡು ಮರುಕ್ಷಣವೇ ಸ್ಪ್ರಿಂಗಿನ ಹಾಗೆ ಹಿಗ್ಗುತ್ತದೆ. ಅಷ್ಟರಲ್ಲಿ ಪೆಡಲ್ ಕೆಳಗಿಳಿದಿರುತ್ತದೆ, ಪಾದ ಮಾತ್ರ ಮೇಲೆಯೇ ಉಳಿದಿರುತ್ತದೆ. ಮತ್ತೆ ಕೂರುವ ಹೊತ್ತಿಗೆ ಅರ್ಧ ಇಂಚು ಆಚೆ ಕೂರುತ್ತದೆ, ಇನ್ನೊಂದು ಕಲ್ಲಿಗೆ ಇನ್ನರ್ಧ ಇಂಚು. ನಾಲ್ಕನೇ ಕಲ್ಲಿಗೆ ಪೆಡಲ್ಲೇ ಸಿಗುವುದಿಲ್ಲ.

ಇದನ್ನು ನಾನು ಮೈಮೇಲೆ ಬರೆಸಿಕೊಂಡವನು. ಸಂಡೂರಿನ ಕುಮಾರಸ್ವಾಮಿ ಗುಡಿಯ ಕಡೆಯಿಂದ ಇಳಿಯುತ್ತಿದ್ದೆ, ಕಾಲಲ್ಲಿ ಹೊಸ ಓಟದ ಬೂಟು. ಅಲ್ಲಿನ ಅದಿರಿನ ಹುಡಿ ಗೊತ್ತಲ್ಲ, ಕುಂಕುಮದಷ್ಟು ನುಣುಪು. ಬಲಗಾಲು ಹಾರಿತು, ಪೆಡಲ್ ಗರ್ರನೆ ಒಂದು ಸುತ್ತು ತಿರುಗಿ ಬಂದು ಮೊಣಕಾಲ ಕೆಳಗಿನ ಎಲುಬಿಗೆ ಹೊಡೆಯಿತು. ಪಿನ್ನಿನ ನಾಲ್ಕು ಗೀರು, ಒಂದರೊಳಗೆ ಬಿಳಿ ಕಾಣುತ್ತಿತ್ತು. ಬಾಟಲಿಯ ನೀರೆಲ್ಲ ಸುರಿದರೂ ಗಾಯದೊಳಗಿನ ಕೆಂಪು ಹುಡಿ ಯಾವುದು, ರಕ್ತ ಯಾವುದು ತಿಳಿಯಲಿಲ್ಲ. ಐದು ಹೊಲಿಗೆ, ಒಂದು ಟಿ.ಟಿ. ಇಂಜೆಕ್ಷನ್. ಹನ್ನೊಂದು ವರ್ಷವಾಯಿತು, ಚಳಿಗಾಲ ಬಂದರೆ ಇವತ್ತಿಗೂ ಆ ಜಾಗ ಸೆಳೆಯುತ್ತದೆ. ಅವತ್ತಿನಿಂದ ಯಾರೇ ಅಂಗಡಿಗೆ ಬಂದರೂ ಮೊದಲು ನಾನು ನೋಡುವುದು ಅವರ ಬೂಟಿನ ತಳ.

ಹಾಗಾದರೆ ಏಳೆಂಟು ಸಾವಿರದ ಬೂಟಿನಲ್ಲಿ ಇರುವುದಾದರೂ ಏನು? ನೀನು ಸಾಣಾಪುರದ ಹತ್ತಿರ ಓಡಾಡುವವನು, ಬೆನ್ನಿಗೆ ಗಾದಿ ಕಟ್ಟಿಕೊಂಡು ಬಂಡೆ ಹತ್ತಲು ಬರುವ ಪರದೇಶದವರನ್ನು ನೋಡಿಯೇ ಇರುತ್ತೀ. ಅವರ ಕಾಲಿನ ಬಿಗಿಯಾದ ಸಣ್ಣ ಬೂಟು ನುಣುಪು ಬಂಡೆಗೂ ಹಲ್ಲಿಯ ಹಾಗೆ ಅಂಟಿಕೊಳ್ಳುತ್ತದೆ. ಚಪ್ಪಟೆ ಪೆಡಲಿನ ಒಳ್ಳೆಯ ಬೂಟಿನ ರಬ್ಬರು ಹುಟ್ಟಿದ್ದು ಅಲ್ಲೇ. ಫೈವ್ ಟೆನ್ ಎಂಬ ಅಮೆರಿಕದ ಕಂಪನಿ 1985ರಲ್ಲಿ ಶುರುವಾದದ್ದು ಬಂಡೆ ಹತ್ತುವವರ ಬೂಟಿಗಾಗಿ. ತಮ್ಮ ರಬ್ಬರಿಗೆ ಅವರು ಸ್ಟೆಲ್ತ್ ಎಂದು ಹೆಸರಿಟ್ಟರು. ಆಮೇಲೆ ಅದೇ ರಬ್ಬರನ್ನು ಸೈಕಲ್ಲಿನ ಬೂಟಿಗೆ ಹಾಕಿದರು. 2011ರಲ್ಲಿ ಆ ಕಂಪನಿಯನ್ನು ಅಡಿಡಾಸ್ ಕೊಂಡಿತು. ಆ ರಬ್ಬರಿನ ಗುಣ ಎರಡು. ಪಿನ್ನು ಒಳಗಿಳಿಯುವಷ್ಟು ಮೆತ್ತಗಿರುತ್ತದೆ. ಇನ್ನೊಂದು, ಅಮುಕಿದರೆ ತಕ್ಷಣ ಪುಟಿಯುವುದಿಲ್ಲ. ಹದವಾಗಿ ನಾದಿದ ಜೋಳದ ಹಿಟ್ಟಿಗೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ನಿಲ್ಲುತ್ತದಲ್ಲ, ಅಷ್ಟಲ್ಲದಿದ್ದರೂ ಆ ಜಾತಿಯದು. ನಿಧಾನ ಮೇಲೇಳುತ್ತದೆ, ಆದ್ದರಿಂದ ಪಾದವನ್ನು ಎಸೆಯುವುದಿಲ್ಲ. ದುಡ್ಡಿದ್ದವರು ಕೊಳ್ಳಲಿ, ಒಳ್ಳೆಯ ವಸ್ತು. ಆದರೆ ಅದರ ಮುಕ್ಕಾಲು ಪಾಲು ಗುಣವನ್ನು ನಾವು ನಮ್ಮ ಪೇಟೆಯಲ್ಲೇ ಹುಡುಕಿಕೊಳ್ಳಬಹುದು.

ಅಂಗಡಿಗೆ ಹೋದಾಗ ಹೀಗೆ ಮಾಡು. ಬೂಟಿನ ಮೇಲ್ಮೈ, ಬಣ್ಣ, ಹೆಸರು ಏನನ್ನೂ ನೋಡುವ ಮೊದಲು ಮಗುಚಿ ಅಟ್ಟೆ ನೋಡು. ಬೆರಳಿನಿಂದ ಹಿಮ್ಮಡಿವರೆಗೆ ಸಪಾಟಾಗಿದೆಯೇ? ಅಂಗೈಯನ್ನು ಅಡ್ಡ ಇಟ್ಟರೆ ಎಲ್ಲ ಕಡೆ ತಾಗಬೇಕು, ನಡುವೆ ಗುಳಿ ಇರಬಾರದು. ಆಮೇಲೆ ಉಗುರು ಒತ್ತು. ಒತ್ತಿದ ಗುರುತು ಮೂಡಿ ಮೆಲ್ಲಗೆ ಮಾಯವಾದರೆ ರಬ್ಬರು. ಉಗುರು ಜಾರಿದರೆ ಗಟ್ಟಿ ಪಿ.ವಿ.ಸಿ., ಅದನ್ನು ಕೆಳಗಿಡು. ಒತ್ತಿದ ಕೂಡಲೇ ತಗ್ಗಾಗಿ ಹಗುರ ಹಗುರ ಅನ್ನಿಸಿದರೆ ಫೋಮು, ಅದನ್ನೂ ಕೆಳಗಿಡು. ಕೊನೆಗೆ ಬೆರಳಿನ ತುದಿ, ಹಿಮ್ಮಡಿ ಎರಡನ್ನೂ ಹಿಡಿದು ಬಾಗಿಸು. ಬೆರಳಿನ ಬುಡದಲ್ಲಿ ಬಾಗಬೇಕು, ನಟ್ಟನಡುವೆ ಪುಸ್ತಕದ ಹಾಗೆ ಮಡಚಬಾರದು. ನಡುವೆ ಮಡಚಿದರೆ ಪಾದ ಪೆಡಲ್ ಮೇಲೆ ಬಿಲ್ಲಿನಂತೆ ಬಾಗಿ, ಅರ್ಧ ಗಂಟೆಗೆ ಅಂಗಾಲು ಉರಿಯತೊಡಗುತ್ತದೆ. ಆಗುವುದಾದರೆ ಹೊಸ ಪೆಡಲನ್ನೂ ಚೀಲದಲ್ಲಿ ಒಯ್ಯಿ. ಬೂಟಿನ ತಳಕ್ಕೆ ಒತ್ತಿ ಹಿಡಿದು ಎಳೆದು ನೋಡು, ಕೈಗೇ ತಿಳಿಯುತ್ತದೆ. ಅಂಗಡಿಯವರು ಏನಂದುಕೊಳ್ಳುತ್ತಾರೋ ಎಂದು ನಾಚಿಕೊಳ್ಳಬೇಡ, ದುಡ್ಡು ನಿನ್ನದು.

ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಪಾಸಾದದ್ದು ಕಬಡ್ಡಿ ಬೂಟು. ನಮ್ಮ ಕಡೆ ಕಬಡ್ಡಿ ಆಡದ ಊರಿಲ್ಲ, ಆದ್ದರಿಂದ ತಾಲ್ಲೂಕಿನ ಕ್ರೀಡಾ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಮ್ಯಾಟಿನ ಮೇಲೆ ಕಾಲು ಜಾರಬಾರದೆಂದು ಅದಕ್ಕೆ ಇಡೀ ತಳ ಸಪಾಟಾದ ಗಮ್ ರಬ್ಬರು ಹಾಕಿರುತ್ತಾರೆ. ಪಿನ್ನಿಗೂ ಬೇಕಾದದ್ದು ಅದೇ. ನಾನು ಮೂರು ವರ್ಷದಿಂದ ಹಾಕುತ್ತಿರುವ ಜೋಡಿಗೆ ಎಂಟುನೂರ ಐವತ್ತು ಕೊಟ್ಟಿದ್ದೆ.

ಅದರ ಕೊರತೆ ಒಂದೇ, ಅಟ್ಟೆ ತೆಳ್ಳಗೆ. ಎರಡು ತಾಸು ತುಳಿದರೆ ಪಿನ್ನು ಒಂದೊಂದಾಗಿ ಅಂಗಾಲಿಗೆ ಲೆಕ್ಕ ಸಿಗುತ್ತದೆ. ಇದಕ್ಕೆ ದಾರಿ ತೋರಿಸಿದವರು ನಮ್ಮ ಅಂಗಡಿಯ ಮಗ್ಗುಲಲ್ಲಿ ಕೊಡೆಯ ನೆರಳಿನಲ್ಲಿ ಕೂತು ಚಪ್ಪಲಿ ಹೊಲಿಯುವ ಹಿರಿಯರು. ಅವರನ್ನು ಕಾಕಾ ಅನ್ನುತ್ತೇನೆ. ಬೂಟು ತಿರುವಿ ನೋಡಿ, ಮೂಗಿಗೆ ಹಿಡಿದು ರಬ್ಬರಿನ ವಾಸನೆ ನೋಡಿ, "ತಮ್ಮಾ, ಹೊರಗಿಂದು ಮೆತ್ತಗೇ ಇರ್ಲಿ, ಅದು ಹಿಡ್ಯಾಕ ಬೇಕು. ಒಳಗ ಒಂದು ಗಟ್ಟಿ ಅಟ್ಟಿ ಕೂಡ್ಸೋಣು" ಅಂದರು. ಒಳಗಿನ ಮೆತ್ತೆ ಎಳೆದು ತೆಗೆದರು. ಅದನ್ನು ಒಂದು ದಪ್ಪ ಎಮ್ಮೆ ತೊಗಲಿನ ಮೇಲೆ ಇಟ್ಟು ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದರು. ರಂಪಿಗೆಯನ್ನು ಕಲ್ಲಿಗೆ ಎರಡು ಸಲ ಉಜ್ಜಿ, ಗೆರೆಗಿಂತ ಒಂದು ಕೂದಲೆಳೆ ಒಳಗೆ ಕೊಯ್ದರು. ಬೆರಳು ಬಾಗುವ ಕಡೆ ತೊಗಲನ್ನು ಕೆರೆದು ತೆಳ್ಳಗೆ ಮಾಡಿದರು, ನಡುವೆ ದಪ್ಪವಾಗಿಯೇ ಬಿಟ್ಟರು. ನೀರಿನಲ್ಲಿ ಅದ್ದಿ ಬೂಟಿನೊಳಗೆ ತುರುಕಿ ಮೇಲೆ ಮೆತ್ತೆ ಹಾಸಿ, "ಇವತ್ತು ಹಾಕ್ಕೊಂಡು ತಿರುಗಾಡು, ಕಾಲಿನ ಆಕಾರಕ್ಕ ಒಣಗ್ತೈತಿ" ಅಂದರು. ಹಾಗೇ ಆಯಿತು. ಸಂಜೆಗೆ ತೊಗಲಿನ ಮೇಲೆ ನನ್ನ ಹೆಬ್ಬೆರಳು, ಹಿಮ್ಮಡಿ ಎರಡೂ ಅಚ್ಚೊತ್ತಿದ್ದವು. ಎರಡು ಕಾಲಿಗೆ ನೂರ ಇಪ್ಪತ್ತು ರೂಪಾಯಿ ತೆಗೆದುಕೊಂಡರು. ಅಟ್ಟೆಯ ಅಂಚಿಗೆ ಸುತ್ತಲೂ ಆರಿಯಿಂದ ಮೇಣದ ದಾರದ ಹೊಲಿಗೆಯನ್ನೂ ಹಾಕಿಸಿಕೊಂಡೆ, ಯಾಕೆಂದರೆ ಅಂಟು ಒಂದನ್ನೇ ನಂಬಿದರೆ ನಮ್ಮ ಬೇಸಿಗೆ ಬಿಡುವುದಿಲ್ಲ. ಗಂಗಾವತಿಯಲ್ಲೂ ಇಂಥ ಕೈಗಳಿವೆ. ಹುಡುಕಿ ಹೋಗು, ಕೇಳಿದಷ್ಟು ಕೊಡು.

ಅಂಗಡಿಯವರು ಬ್ಯಾಡ್ಮಿಂಟನ್ ಬೂಟನ್ನೂ ತೋರಿಸುತ್ತಾರೆ, ರಬ್ಬರು ಅದರಲ್ಲೂ ಒಳ್ಳೆಯದೇ. ಆದರೆ ಬಹಳಷ್ಟು ಜೋಡಿಗಳಲ್ಲಿ ಅಂಗಾಲಿನ ಗುಳಿಯ ಕೆಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ ಇರುತ್ತದೆ. ಅದು ಪಿನ್ನಿನ ಮೇಲೆ ಬಂದರೆ ಗಾಜಿನ ಮೇಲೆ ಕಾಲಿಟ್ಟ ಹಾಗೆ. ಶಾಲೆಯ ಬಿಳಿ ಕ್ಯಾನ್ವಾಸ್ ಬೂಟು ಇನ್ನೂ ಅಗ್ಗ, ತಳವೂ ರಬ್ಬರು. ಆದರೆ ಅದನ್ನು ಹಾಕಿಕೊಂಡು ಬಳ್ಳಾರಿ ಜಾಲಿಯ ಮುಳ್ಳಿನ ಮೇಲೆ ಕಾಲೂರಿದರೆ ಮುಳ್ಳು ಅಟ್ಟೆ ದಾಟಿ ಪಾದಕ್ಕೆ ಬರುತ್ತದೆ. ಆ ಮುಳ್ಳು ಟ್ಯೂಬನ್ನು ಏನು ಮಾಡುತ್ತದೆ ಎಂದು ನನಗೆ ದಿನಾ ಗೊತ್ತಾಗುತ್ತಿರುತ್ತದೆ, ಪಾದಕ್ಕೆ ಬೇಡ. ಬೆಂಗಳೂರಿಗೆ ಹೋಗುವುದಿದ್ದರೆ ಸ್ಕೇಟ್‌ಬೋರ್ಡಿನ ಬೂಟು ನೋಡು. ಅದೂ ಸಪಾಟು ತಳದ್ದೇ, ಅಟ್ಟೆ ಕಬಡ್ಡಿ ಬೂಟಿಗಿಂತ ದಪ್ಪ, ರಿಯಾಯಿತಿ ಸಮಯದಲ್ಲಿ ನಿನ್ನ ಕೈಗೆಟುಕಿದರೂ ಎಟುಕೀತು. ಎಂ.ಸಿ.ಆರ್. ಹಾಳೆ ಅಂಟಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನು, ಅದು ಸಕ್ಕರೆ ಕಾಯಿಲೆಯವರ ಚಪ್ಪಲಿಗೆ ಹಾಕುವ ಮೆತ್ತನೆಯ ರಬ್ಬರು, ಪಿನ್ನು ಒಂದೇ ದಿನದಲ್ಲಿ ಕಿತ್ತು ಹಾಕುತ್ತದೆ. ಟೈರಿನ ಅಟ್ಟೆ ಇಡೀ ಜನ್ಮ ಬಾಳುತ್ತದೆ, ಆದರೆ ಗಟ್ಟಿ, ಪಿನ್ನು ಇಳಿಯುವುದಿಲ್ಲ. ಕ್ರೇಪ್ ರಬ್ಬರಿನ ಅಟ್ಟೆ ಹಿಡಿಯುತ್ತದೆ, ಆದರೆ ಏಪ್ರಿಲ್ಲಿನ ಬಿಸಿಲಿಗೆ ಹಲಸಿನ ಮೇಣದ ಹಾಗಾಗಿ ದಾರಿಯ ಮರಳನ್ನೆಲ್ಲ ಅಂಟಿಸಿಕೊಂಡು ಬರುತ್ತದೆ.

ಅಳತೆ ನೋಡುವುದು ಸಂಜೆ. ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ, ಸೈಕಲ್ ಮೇಲೂ ಹಾಗೇ ಊದುವುದು. ತುಳಿಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗು. ತೊಗಲಿನ ಅಟ್ಟೆ ಒಳಗೆ ಕೂರಿಸುವುದಿದ್ದರೆ ಅರ್ಧ ಸೈಜು ದೊಡ್ಡದು ತಗೋ.

ಒಂದು ಮಾತು ಬೂಟಿನದಲ್ಲ, ಆದರೆ ಹೇಳದೆ ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಇಳಿಜಾರು ಬಂದಾಗ ಸೀಟಿನಿಂದ ಏಳು. ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು ಹಿಮ್ಮಡಿ ಕೆಳಗೆ ಬಿಡು. ಆಗ ಕಲ್ಲಿನ ಏಟು ಪಾದವನ್ನು ಪೆಡಲಿನೊಳಕ್ಕೇ ಒತ್ತುತ್ತದೆ, ಹಿಂದಕ್ಕೆ ಜಾರಿಸುವುದಿಲ್ಲ. ಬೆರಳು ಕೆಳಗೆ ಮಾಡಿ ಇಳಿದರೆ ಯಾವ ರಬ್ಬರೂ ನಿನ್ನನ್ನು ಹಿಡಿಯಲಾರದು. ಮೊದಲ ನಾಲ್ಕು ಭಾನುವಾರ ಇದೊಂದನ್ನೇ ಕಲಿ, ಮೊಣಕಾಲಿನ ಕೆಳಗೆ ಫುಟ್‌ಬಾಲಿನವರ ಶಿನ್ ಗಾರ್ಡ್ ಕಟ್ಟಿಕೊಂಡು ಕಲಿ.

ಪ್ರಶ್ನೆ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ವರ್ಷಕ್ಕೊಂದು ಜೋಡಿ ಸೇಫ್ಟಿ ಬೂಟು ಕೊಡುತ್ತಾರೆ, ಹಳೆಯ ಎರಡು ಜೋಡಿ ಮನೆಯಲ್ಲಿವೆ. ಅವನ್ನೇ ಸೈಕಲ್ಲಿಗೆ ಹಾಕಬಹುದೇ?
– ಕಾರ್ಮಿಕ, ತೋರಣಗಲ್ಲು

ಉತ್ತರ: ಡ್ಯೂಟಿಗೆ ಸೈಕಲ್ ಮೇಲೆ ಹೋಗಿ ಬರುವುದಕ್ಕೆ ಧಾರಾಳವಾಗಿ ಹಾಕಿ. ಗುಡ್ಡಕ್ಕೆ ಬೇಡ. ಆ ಬೂಟುಗಳ ಅಟ್ಟೆ ಸಾಮಾನ್ಯವಾಗಿ ಪಿ.ಯು., ಅಂದರೆ ಪಾಲಿಯುರೆಥೇನ್. ಎಣ್ಣೆ ಬಿದ್ದ ನೆಲದಲ್ಲಿ ಜಾರದಿರಲು ಮಾಡಿದ್ದು. ಪಿನ್ನಿನ ಲೆಕ್ಕವೇ ಬೇರೆ. ಅಟ್ಟೆಯ ದೊಡ್ಡ ಹಲ್ಲುಗಳ ನಡುವಿನ ಸಂದಿಯಲ್ಲಿ ಪಿನ್ನು ಸಿಕ್ಕಿಕೊಂಡರೆ ಪಾದ ಒಂದೇ ಕಡೆ ಬೀಗ ಹಾಕಿದಂತಾಗುತ್ತದೆ, ಬೀಳುವಾಗ ಕಾಲು ತೆಗೆಯಲು ಆಗುವುದಿಲ್ಲ. ಹಲ್ಲಿನ ನೆತ್ತಿಯ ಮೇಲೆ ಕೂತರೆ ಜಾರುತ್ತದೆ. ಮುಂದಿನ ಉಕ್ಕಿನ ಟೋಪಿಯ ಭಾರ ಬೇರೆ, ಪ್ರತಿ ಸುತ್ತಿಗೂ ಅದನ್ನು ಎತ್ತಬೇಕು. ಇನ್ನೊಂದು ಎಚ್ಚರಿಕೆ: ಪಿ.ಯು. ಅಟ್ಟೆ ಹಾಕದೆ ವರ್ಷಗಟ್ಟಲೆ ಇಟ್ಟರೆ ಗಾಳಿಯ ತೇವಕ್ಕೆ ಒಳಗೊಳಗೇ ಹಾಳಾಗಿ, ಒಂದು ದಿನ ಇದ್ದಕ್ಕಿದ್ದಂತೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಮನೆಯಲ್ಲಿಟ್ಟ ಆ ಎರಡು ಜೋಡಿಯನ್ನು ಕಾರ್ಖಾನೆಯೊಳಗೆ ಹಾಕುವ ಮುಂಚೆಯೂ ಅಟ್ಟೆ ಬಾಗಿಸಿ, ಬಿರುಕು ಇದೆಯೇ ನೋಡಿಕೊಳ್ಳಿ.

ಪ್ರಶ್ನೆ: ನಾನು ಕೊಪ್ಪಳದವಳು, ಶಾಲೆಯಲ್ಲಿ ಶಿಕ್ಷಕಿ. ಪಾದ ಸಣ್ಣದು, ಅಳತೆ ನಾಲ್ಕು. ಹೆಂಗಸರ ಬೂಟು ಕೇಳಿದರೆ ಗುಲಾಬಿ ಬಣ್ಣದ, ಹಗುರ ಫೋಮಿನ ವಾಕಿಂಗ್ ಬೂಟೇ ತೋರಿಸುತ್ತಾರೆ. ಜೊತೆಗೆ ಲೇಸು ಎರಡು ಸಲ ಚೈನಿಗೆ ಸಿಕ್ಕು ಬಿದ್ದಿದ್ದೇನೆ. ಏನು ಮಾಡಲಿ?
– ಶಿಕ್ಷಕಿ, ಕೊಪ್ಪಳ

ಉತ್ತರ: ಅಕ್ಕಾರೇ, ಹೆಂಗಸರ ಸಾಲನ್ನು ಬಿಟ್ಟು ನೇರವಾಗಿ ಕ್ರೀಡಾ ಸಾಮಾನಿನ ಅಂಗಡಿಗೆ ಹೋಗಿ, ಶಾಲಾ ಹುಡುಗರ ಅಳತೆಯ ಕಬಡ್ಡಿ ಬೂಟು ಕೇಳಿ. ಮೂರು, ನಾಲ್ಕು, ಐದು ಅಳತೆಗಳು ಅಲ್ಲಿರುತ್ತವೆ. ಪಾದ ಅಗಲ ಕಡಿಮೆಯಿದ್ದು ಒಳಗೆ ಸಡಿಲ ಅನ್ನಿಸಿದರೆ ತೊಗಲಿನ ಅಟ್ಟೆ ಆ ಜಾಗವನ್ನೂ ತುಂಬುತ್ತದೆ.

ಲೇಸಿನ ಮಾತು ಸಣ್ಣದಲ್ಲ. ಚೈನು ಬಲಗಡೆ ಇರುವುದರಿಂದ ಬಲಗಾಲಿನ ಗಂಟನ್ನು ಯಾವಾಗಲೂ ಹೊರಮಗ್ಗುಲಿಗೆ ಹಾಕಿ. ಆಮೇಲೆ ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಬಳೆ ಕತ್ತರಿಸಿಕೊಳ್ಳಿ. ಬೂಟು ಹಾಕುವ ಮೊದಲು ಅದನ್ನು ಬೂಟಿನ ನಡುವಿಗೆ ಏರಿಸಿ, ಲೇಸು ಕಟ್ಟಿದ ಮೇಲೆ ಉಳಿದ ತುದಿಗಳನ್ನೆಲ್ಲ ಅದರಡಿ ಸಿಕ್ಕಿಸಿ. ಆದರೆ ಬಳೆ ಅಟ್ಟೆಯ ಕೆಳಗೆ ಬರುವುದು ಅಂಗಾಲಿನ ಗುಳಿಯ ಹಿಂದೆ, ಹಿಮ್ಮಡಿಯ ಹತ್ತಿರ ಇರಲಿ. ಪೆಡಲ್ ಕೂರುವ ಜಾಗದಲ್ಲಿ ಬಂದರೆ ಪಿನ್ನಿಗೆ ಸಿಕ್ಕಿ ಬಳೆ ಹರಿಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಹಾಳಾದ ಟ್ಯೂಬನ್ನು ಯಾರೂ ಇಲ್ಲ ಅನ್ನುವುದಿಲ್ಲ. ಸಲ್ವಾರ್ ಹಾಕಿ ತುಳಿಯುವುದಿದ್ದರೆ ಮೀನಗಂಡದ ಕೆಳಗೆ ಅಂಥದೇ ಇನ್ನೊಂದು ಬಳೆ, ಸ್ವಲ್ಪ ಸಡಿಲವಾಗಿ. ಬಿಗಿ ಮಾಡಿದರೆ ಕಾಲು ಜೋಮು ಹಿಡಿಯುತ್ತದೆ.

ಪ್ರಶ್ನೆ: ನಮ್ಮದು ರಾಯಚೂರು, ಎಲ್ಲ ಎರೆ ಭೂಮಿ. ಒಂದು ಹನಿ ಮಳೆ ಬಿದ್ದರೆ ಬೂಟಿಗೆ ಐದು ಕೆ.ಜಿ. ಮಣ್ಣು. ಸಪಾಟು ತಳದ ಬೂಟು ಹೊಲದ ದಾರಿಗೆ ಆಗುತ್ತದೆಯೇ, ಟ್ರೆಕ್ಕಿಂಗ್ ಬೂಟು ಒಳ್ಳೆಯದೇ?
– ಕೃಷಿಕ, ರಾಯಚೂರು

ಉತ್ತರ: ಯಜಮಾನರೇ, ಎರೆ ಮಣ್ಣು ಹಸಿಯಾದಾಗ ಸೈಕಲ್ಲನ್ನೇ ಇಳಿಸಬೇಡಿ. ಬೂಟಿಗಿಂತ ಮೊದಲು ಟೈರಿಗೂ ಫೋರ್ಕಿಗೂ ನಡುವೆ ಮಣ್ಣು ಗಿಡಿದು ಚಕ್ರವೇ ನಿಲ್ಲುತ್ತದೆ. ಟ್ರೆಕ್ಕಿಂಗ್ ಬೂಟಿನ ಆಳವಾದ ಹಲ್ಲುಗಳಲ್ಲಿ ಆ ಮಣ್ಣು ತುಂಬಿದರೆ ಕಡ್ಡಿ ಹಾಕಿ ಕೆರೆದರೂ ಬರುವುದಿಲ್ಲ, ಆಮೇಲೆ ಪಿನ್ನಿಗೆ ಸಿಗುವುದು ರಬ್ಬರಲ್ಲ, ಮಣ್ಣು. ಸಪಾಟು ತಳವನ್ನು ಬದುವಿನ ಹುಲ್ಲಿಗೆ ನಾಲ್ಕು ಸಲ ಒರೆಸಿದರೆ ಆಯಿತು. ಇಳಿದು ನಡೆಯುವ ದೂರ ಹೆಚ್ಚಿದ್ದರೆ ಮಾತ್ರ ಬೆರಳಿನ ತುದಿಯಲ್ಲೂ ಹಿಮ್ಮಡಿಯಲ್ಲೂ ಸಣ್ಣ ಹಲ್ಲು, ನಡುವೆ ಸಪಾಟು ಇರುವ ಬೂಟು ಹುಡುಕಿ. ತೊಳೆದ ಮೇಲೆ ಬಿಸಿಲಿಗೆ ಇಡಬೇಡಿ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿಡಿ, ಎರಡು ತಾಸಿಗೊಮ್ಮೆ ಕಾಗದ ಬದಲಿಸಿ. ನಿಮ್ಮ ಬಿಸಿಲೂ ನಮ್ಮ ಬಿಸಿಲೂ ಒಂದೇ, ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಬಿಟ್ಟ ಬೂಟಿನ ಅಂಟು ಮೇಲೆದ್ದು ಅಟ್ಟೆ ಬಾಯಿ ತೆರೆಯುತ್ತದೆ.

ಪ್ರಶ್ನೆ: ಚಪ್ಪಟೆ ಪೆಡಲ್ ಕಲಿಯುವವರಿಗೆ, ಕ್ಲಿಪ್ಪಿನ ಬೂಟು ಕಲಿತವರಿಗೆ ಅನ್ನುತ್ತಾರೆ ನನ್ನ ಗೆಳೆಯರು. ಎರಡು ವರ್ಷ ತುಳಿದಿದ್ದೇನೆ. ಇನ್ನು ಬದಲಿಸಬೇಕೇ?
– ಬ್ಯಾಂಕ್ ನೌಕರ, ಬಳ್ಳಾರಿ

ಉತ್ತರ: ಆ ಮಾತು ಸರಿಯಲ್ಲ. ಬೂಟನ್ನು ಪೆಡಲಿಗೆ ಸಿಕ್ಕಿಸುವ ಪದ್ಧತಿ ರಸ್ತೆ ಸೈಕಲ್ಲಿನಿಂದ ಬಂದದ್ದು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. 1990ರಲ್ಲಿ ಜಪಾನಿನ ಶಿಮಾನೊ ಕಂಪನಿಯ ಎಸ್‌ಪಿಡಿ ಎಂಬ ಕ್ಲಿಪ್ಪಿನ ಪೆಡಲ್ ಬಂದ ಮೇಲೆ ಗುಡ್ಡದ ಸೈಕಲ್ಲಿಗೂ ಹರಡಿತು. ದೂರದ ಏರು ತುಳಿಯುವವರಿಗೆ ಅದರಲ್ಲಿ ಅನುಕೂಲ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಡೌನ್‌ಹಿಲ್, ಅಂದರೆ ಗುಡ್ಡ ಇಳಿಯುವ ಪಂದ್ಯದಲ್ಲಿ ವಿಶ್ವ ಚಾಂಪಿಯನ್ ಆದದ್ದು ಚಪ್ಪಟೆ ಪೆಡಲಿನ ಮೇಲೆ, 2006, 2007 ಮತ್ತು 2010ರಲ್ಲಿ. ಆಮೇಲೆ 2017ರಿಂದ 2019ರವರೆಗೆ ಮೂರು ವರ್ಷ ಬಿಡದೆ ಎಂಡ್ಯೂರೊ ವಿಶ್ವ ಸರಣಿಯನ್ನೂ ಗೆದ್ದರು, ಅದು ಏರನ್ನೂ ತುಳಿದು ಹತ್ತಿ, ಇಳಿಯುವ ಹೊತ್ತನ್ನು ಲೆಕ್ಕ ಹಾಕುವ ಪಂದ್ಯ. ಆಗಲೂ ಅದೇ ಪೆಡಲ್. ನಿಮ್ಮ ಕಾಲಿಗೆ ಹಿತವಾಗಿದ್ದರೆ ಬದಲಿಸಬೇಡಿ. ಆ ದುಡ್ಡಿನಲ್ಲಿ ಒಳ್ಳೆಯ ಹೆಲ್ಮೆಟ್ ತಗೊಳ್ಳಿ.

ಪ್ರಶ್ನೆ: ನೀವು ಹಿಂದೆ ಹೇಳಿದಂತೆ ಪಿನ್ನಿನ ಪೆಡಲ್ ತರಿಸಿದೆ. ಎರಡು ತೊಂದರೆ. ಪಿನ್ನು ಎಷ್ಟು ಚೂಪೆಂದರೆ ಹೊಸ ಬೂಟಿನ ಅಟ್ಟೆ ಎರಡೇ ತಿಂಗಳಿಗೆ ಕಿತ್ತು ಬರುತ್ತಿದೆ. ಎಡಗಡೆಯ ಹಳೆಯ ಪೆಡಲ್ ಬಿಚ್ಚಲು ಬಾರದೆ ಅಣ್ಣ ಸುತ್ತಿಗೆ ತಗೊಂಡಿದ್ದ, ತಡೆದಿದ್ದೇನೆ.
– ಪಿಯುಸಿ ವಿದ್ಯಾರ್ಥಿನಿ, ಸಂಡೂರು

ಉತ್ತರ: ತಡೆದದ್ದು ಒಳ್ಳೆಯದಾಯಿತು ತಂಗಿ. ಪಿನ್ನಿನ ನೆತ್ತಿಯ ಮೇಲೆ ಸಣ್ಣ ಅರದಿಂದ ಎರಡೆರಡು ಸಲ ಮಾತ್ರ ಉಜ್ಜು, ಅಂಚಿನ ಚೂಪು ಹೋದರೆ ಸಾಕು, ಎತ್ತರ ಇಳಿಸಬೇಡ. ಪಾದ ಪೆಡಲ್ ಮೇಲೆ ಕದಲಿಸಲೂ ಆಗದಷ್ಟು ಹಿಡಿಯುತ್ತಿದ್ದರೆ ನಡುವಿನ ಎರಡು ಪಿನ್ನು ಬಿಚ್ಚಿ ಡಬ್ಬಿಯಲ್ಲಿಡು, ಮುಂದೆ ಬೇರೆ ಪಿನ್ನು ಬಿದ್ದುಹೋದಾಗ ಅವೇ ಬರುತ್ತವೆ. ಹೆಚ್ಚಿನ ಪೆಡಲಿಗೆ ಬರುವುದು 4 ಮಿ.ಮೀ. ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಸ್ಕ್ರೂ. ಒಂದನ್ನು ಬಿಚ್ಚಿ ಒಯ್ದು ತೋರಿಸಿದರೆ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.

ಎಡಗಡೆಯ ಪೆಡಲಿಗೆ ಉಲ್ಟಾ ಥ್ರೆಡ್ ಇರುತ್ತದೆ. ಬೇರೆ ಎಲ್ಲ ಬೋಲ್ಟುಗಳನ್ನು ಬಿಗಿ ಮಾಡುವ ದಿಕ್ಕಿಗೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ನಿಮ್ಮಣ್ಣ ಬಿಚ್ಚುತ್ತಿದ್ದೇನೆ ಅಂದುಕೊಂಡು ಇಷ್ಟು ಹೊತ್ತು ಬಿಗಿ ಮಾಡಿರಬೇಕು. ರಾತ್ರಿಯೇ ಥ್ರೆಡ್ಡಿನ ಬುಡಕ್ಕೆ ನಾಲ್ಕು ಹನಿ ಎಣ್ಣೆ ಬಿಡಿ, ಬೆಳಿಗ್ಗೆ 15 ನಂಬರಿನ ಪಾನಾ ಹಾಕಿ. ಹೊಸದನ್ನು ಕೂರಿಸುವಾಗ ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ನಾಲ್ಕು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಎಡ ಬಲ ಅದಲುಬದಲಾಗಿದೆ ಎಂದು ತಿಳಿಯಿರಿ, ತುದಿಯಲ್ಲಿ ಎಲ್, ಆರ್ ಅಕ್ಷರ ಕೊರೆದಿರುತ್ತಾರೆ. ಬಲಗಡೆಯದನ್ನು ಬಿಚ್ಚುವ ಮೊದಲು ಚೈನನ್ನು ಮುಂದಿನ ದೊಡ್ಡ ಹಲ್ಲಿನ ಚಕ್ರಕ್ಕೆ ಏರಿಸಿಡಿ. ಪಾನಾ ತಪ್ಪಿದರೆ ಕೈ ಹೋಗಿ ಬಡಿಯುವುದು ಚೈನಿಗೆ, ಹಲ್ಲಿಗಲ್ಲ.